ಹುಳಿ ನೀರು

ಮಾವನ ಕಣ್ಣಿನ ಪೊರೆ ತೆಗೆಸಲು ಗಂಡ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮೀನಿನ ತೊಟ್ಟಿಯ ಹೊಣೆ ಸೊಸೆಯ ತಲೆಗೆ ಬಿತ್ತು. ಗಡಿಯಾರ ರಿಪೇರಿ ಮಾಡುತ್ತಲೇ ಆಯಸ್ಸು ಸವೆಸಿದ ಮಾವನಿಗೆ ಆ ಮೀನುಗಳೆಂದರೆ ಪಂಚಪ್ರಾಣ.

"ಮೀನಿಗೆ ತಿಂಡಿ ಹಾಕಮ್ಮ, ಸಾಕು. ಬೇರೇನೂ ಮುಟ್ಬೇಡ" ಎಂದು ಮೆಟ್ಟಿಲಿಳಿಯುತ್ತಲೂ ಹೇಳಿದ್ದರು.

ಬಟ್ಟೆ ಹೊಲಿಯುವ ಅವಳದು ಸುಮ್ಮನಿರುವ ಕೈಯಲ್ಲ. ಮೀನುಗಳು ಮೂಲೆಯಲ್ಲಿ ಮಂಕಾಗಿ ನಿಂತಿದ್ದನ್ನು ಕಂಡು, ಮಾವನ ಕಪಾಟಿನಲ್ಲಿದ್ದ ನೀರು ಪರೀಕ್ಷಿಸುವ ಬಾಟಲಿಗೆ ತೊಟ್ಟಿಯ ನೀರು ತುಂಬಿ ಎರಡು ಹನಿ ಔಷಧಿ ಬಿಟ್ಟಳು. ನೀರು ಅಚ್ಚ ಹಳದಿಯಾಯಿತು. ಹಳದಿಯಾದರೆ ನೀರು ಹುಳಿ, ಹಸಿರಾದರೆ ಸರಿ ಎಂದು ಔಷಧಿಯ ಡಬ್ಬಿಯ ಮೇಲಿತ್ತು.

ಪಾಪ, ಹುಳಿಯಲ್ಲಿ ಒದ್ದಾಡುತ್ತಿವೆ ಅನ್ನಿಸಿತು. ಎರಡು ಚಮಚ ಅಡುಗೆ ಸೋಡಾ ಕದಡಿ ಸುರಿದಳು. ಈ ಸಲ ಬಾಟಲಿ ಹಸಿರಾಗಿ ನೀಲಿಗೆ ತಿರುಗಿತು. ಹುಳಿಯೆಲ್ಲ ಹೋಯಿತು, ಗೆದ್ದೆ ಅಂದುಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಳು.

ಅಂಗಿಯ ತೋಳು ಮುಗಿಸಿ ತಲೆಯೆತ್ತಿ ನೋಡಿದಳು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಮೂರು ಆಗಲೇ ಮಗುಚಿದ್ದವು. ಸಾಕುಮೀನಿನ ಅಂಗಡಿಯವನಿಗೆ ಫೋನ್ ಮಾಡಿದಳು.

"ಅವು ಆ ಹುಳಿಗೇ ಒಗ್ಗಿಹೋಗಿದ್ವು. ಹುಳಿಯಲ್ಲಿ ಮೀನಿನ ಹೊಲಸೂ ಅಷ್ಟಾಗಿ ವಿಷ ಆಗಲ್ಲ. ನೀವು ಒಂದೇ ಏಟಿಗೆ ಹುಳಿ ತೆಗೆದ್ರಿ ನೋಡಿ, ಆ ಹೊಲಸೇ ವಿಷ ಆಯ್ತು" ಎಂದನವನು. "ಹಳೇ ನೀರೇನಾದ್ರೂ ಇದೆಯಾ?"

ಗಿಡಕ್ಕೆಂದು ಮಾವ ಬೆಳಿಗ್ಗೆ ತೊಟ್ಟಿಯಿಂದ ತೆಗೆದಿಟ್ಟ ಒಂದು ಬಕೆಟ್ ನೀರಿತ್ತು. ಉಸಿರಿದ್ದ ಮೀನುಗಳನ್ನು ಬಲೆಯಲ್ಲಿ ಹಿಡಿದು ಅದಕ್ಕೆ ಬಿಟ್ಟಳು. ನಾಲ್ಕು ಬದುಕಿದವು. ಉಳಿದವನ್ನು ಕಾಗದದಲ್ಲಿ ಸುತ್ತುವಾಗ, ನಾನೇ ಕೊಂದೆನಲ್ಲ ಎಂಬುದು ಇನ್ನೂ ನಂಬಿಕೆಗೆ ಬಂದಿರಲಿಲ್ಲ.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮಾವ ಬಂದರು. ಅವಳು ಮುಚ್ಚಿಡದೆ ಹೇಳಿದಳು. ಅವರು ಬೈಯಲಿಲ್ಲ. ಬಕೆಟ್ ಪಕ್ಕ ಕುಕ್ಕರುಗಾಲಲ್ಲಿ ಕೂತು ದಂಗಾಗಿ ನೋಡಿದರು.

"ಇದರ ಬಾಲ ಇಷ್ಟು ಕೆಂಪಾ?"

"ಮೊದಲಿಂದಲೂ ಕೆಂಪೇ ಮಾವ."

ಅವರು ಮೀನಿನಿಂದ ಕಣ್ಣು ತೆಗೆಯಲಿಲ್ಲ. "ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದೀನೇ ಕಾಣ್ತಿತ್ತು ಕಣಮ್ಮ. ಬಾಟಲಿ ಹಿಡಿದು ನೋಡೋದು, ಏನೂ ತಿಳಿಯದೆ ಇಟ್ಟುಬಿಡೋದು. ನೀರು ಹುಳಿಯಾಗಿದ್ದು ಗೊತ್ತೇ ಆಗ್ಲಿಲ್ಲ. ಯಾರಿಗೂ ಹೇಳ್ಲಿಲ್ಲ."

ಒಂದೇ ಮನೆಯಲ್ಲಿದ್ದೂ ಈ ಮನುಷ್ಯನಿಗೆ ಬಣ್ಣವೇ ಕಾಣದೆ ಹೋಗಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

"ಈಗ ಏನ್ ಮಾಡೋಣ ಮಾವ?"

"ದಿನಾ ಒಂದು ಚೊಂಬು ಹೊಸ ನೀರು. ನಿಧಾನಕ್ಕೆ" ಎಂದು ಅವರು ಬಕೆಟ್ಟಿನ ಅಂಚು ಹಿಡಿದು ಎದ್ದರು.