ಪಿಂಟ್ಯಾನ ಉಪವಾಸ

ಆಯಿಯ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಪಿಂಟ್ಯಾನ ಜೀವ ಮಾತ್ರ ಐನಾಪುರದ ನಮ್ಮ ಅಡುಗೆಮನೆಯಲ್ಲೇ, ನೀರಿನ ಮಡಕೆಯ ಪಕ್ಕ ಒದ್ದೆ ಅರಿವೆ ಸುತ್ತಿಟ್ಟ ಸಣ್ಣ ಇನ್ಸುಲಿನ್ ಸೀಸೆಯಲ್ಲಿ ಇತ್ತು.

ಪಿಂಟ್ಯಾ ನಮ್ಮ ನಾಯಿ. ಆಯಿ, ಅಂದರೆ ನನ್ನ ಅಪ್ಪನ ತಾಯಿ ಜಿನಮತಿ, ಮರಿಯಿದ್ದಾಗಿನಿಂದ ಅವನನ್ನು ಸಾಕಿದ್ದಳು. ತೊಂಬತ್ನಾಲ್ಕರ ಬೇಸಿಗೆಯಲ್ಲಿ ಅವನು ಎಷ್ಟು ನೀರಿಟ್ಟರೂ ಕುಡಿದು, ದಿನದಿನಕ್ಕೆ ಸೊರಗತೊಡಗಿದ. ಉಚ್ಚೆ ಹೊಯ್ದಲ್ಲೆಲ್ಲ ಇರುವೆ ಮುತ್ತಿದವು. ದನದ ಡಾಕ್ಟರ್ ರಾಜಾರಾಮ ಅವರು ರಕ್ತವನ್ನು ಮಿರಜಿಗೆ ಕಳಿಸಿ ತಪಾಸಣೆ ಮಾಡಿಸಿದರು.

"ಸಕ್ಕರಿ ಬ್ಯಾನಿ ಐತ್ರಿ. ಮುಂಜಾನಿ ಒಂದ, ಸಂಜಿಗೊಂದ ಸೂಜಿ. ಸೂಜಿ ಮಾಡಿ ಹೊಟ್ಟಿ ಖಾಲಿ ಬಿಡಬ್ಯಾಡ್ರಿ, ಸಕ್ಕರಿ ಪೂರಾ ಇಳದ ಹೋಗತೈತಿ. ಕಾಲ ನಡುಗಿದ್ರ ವಸಡಿಗೆ ಜೇನ ಸವರ್ರಿ."

"ಜೈನರ ಮನ್ಯಾಗ ಜೇನ ಎಲ್ಲಿಂದ ಬರಬೇಕ್ರಿ ಸಾಹೇಬ್ರ?" ಆಯಿ ನಕ್ಕಳು. "ಕಾಕಂಬಿ ನಡಿತೈತೇನ್ರಿ?"

ಬೆಲ್ಲ ಗಟ್ಟಿಯಾಗುವ ಮೊದಲಿನ ಪಾಕವಾದ ಕಾಕಂಬಿ ನಮ್ಮಲ್ಲಿ ಡಬ್ಬಿಗಟ್ಟಲೆ ಇತ್ತು. ನಡೆಯುತ್ತದೆ ಎಂದರು ಡಾಕ್ಟರ್.

ಸೂಜಿಯ ಕೆಲಸ ನನ್ನ ಪಾಲಿಗೆ ಬಂತು, ಅದರ ಜೊತೆಗೆ ಅಂಜಿಕೆಯೂ. ಹೊಲದ ದಾರಿಯಲ್ಲಿ ಮೋಡ ನೋಡುತ್ತ ನಿಲ್ಲುವ ಚಾಳಿ ಬಿಟ್ಟುಹೋಯಿತು, ಊಟವೂ ಸೇರದಾಯಿತು. ಪಿಂಟ್ಯಾ ಮಲಗಿದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ಎಬ್ಬಿಸಿಬಿಡುತ್ತಿದ್ದೆ.

"ಮಂಗಲಾ, ಸಕ್ಕರಿಯಿಂದಲ್ಲ, ನಿನ್ನ ಕಾಟಕ್ಕ ಸಾಯ್ತಾನ ಅವ," ಎಂದು ಆಯಿ ಬೈಯುತ್ತಿದ್ದಳು.

ಊಟದ ಹೊತ್ತಿಗೆ ಸರಿಯಾಗಿ ನಾನು ಸೂಜಿ ಹಾಕುತ್ತಿದ್ದೆ. ಆಯಿ ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ಪಿಂಟ್ಯಾ ತನ್ನ ತಾಟಿಗೆ ಬಾಯಿ ಹಾಕುತ್ತಿದ್ದ. ಆ ಮರ್ಯಾದೆ ಕಲಿಸಿದವಳು ಅವಳೇ.

ಅನಂತ ಚತುರ್ದಶಿ ಬಂತು. ನಮ್ಮ ಜೈನರ ಹತ್ತು ದಿನದ ಪರ್ವದ ಕೊನೆಯ ಆ ದಿನ ಆಯಿಗೆ ನೀರೂ ಇಲ್ಲದ ಉಪವಾಸ. ಮುಂಜಾನೆ ಎಂದಿನಂತೆ ಸೂಜಿ ಹಾಕಿ, ಮಜ್ಜಿಗೆಯಲ್ಲಿ ರೊಟ್ಟಿ ಮುರಿದಿಟ್ಟೆ. ಪಿಂಟ್ಯಾ ಮೂಸಿ ನೋಡಿ, ಬಾಗಿಲ ಕಡೆ ತಿರುಗಿ ಕುಳಿತ. ಆಯಿ ಬಸದಿಯಿಂದ ಬಂದು ಜಪಮಾಲೆ ಹಿಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ನಾನು ತುತ್ತು ಹಿಡಿದರೆ ಮೂತಿ ತಿರುಗಿಸಿದ. ಆಗ ನನಗೆ ಹೊಳೆಯಿತು: ಆಯಿ ಉಣ್ಣದೆ ಇವನು ಉಣ್ಣುವುದಿಲ್ಲ.

ಸ್ವಲ್ಪ ಹೊತ್ತಿಗೆ ಅವನ ಹಿಂಗಾಲು ನಡುಗಿದವು. ಅವಸರದಲ್ಲಿ ನನಗೆ ಕಾಕಂಬಿ ಡಬ್ಬಿಯ ಮುಚ್ಚಳ ತೆರೆಯಲಾಗಲಿಲ್ಲ. ಆಯಿ ಮಾಲೆ ಇಟ್ಟು ಬಂದು, ಬೆರಳಲ್ಲಿ ತೆಗೆದು ಅವನ ವಸಡಿಗೆ ಸವರಿದಳು. ನಡುಕ ಕಡಿಮೆಯಾಯಿತು, ಆದರೆ ರೊಟ್ಟಿ ಮಾತ್ರ ಅವನು ಮುಟ್ಟಲಿಲ್ಲ. ನಾನು ಆಯಿಯನ್ನು ನೋಡಿದೆ. ಒಂದು ತುತ್ತು ತಿನ್ನು ಎಂದು ಕೇಳಲು ಬಾಯಿ ಬರಲಿಲ್ಲ.

"ಹಂಗ ನೋಡಬ್ಯಾಡ. ನಾ ಉಣ್ಣಾಂಗಿಲ್ಲ," ಎಂದಳು. "ನನ್ನ ತಾಟ ತಾ."

ತನ್ನ ಜಾಗದಲ್ಲಿ ಕುಳಿತು ರೊಟ್ಟಿ ಮುರಿದಳು. ತುತ್ತನ್ನು ಗದ್ದದ ತನಕ ಎತ್ತಿ, ಮೆಲ್ಲಗೆ ಇಳಿಸಿ, ಖಾಲಿ ಬಾಯಲ್ಲೇ ಅಗಿದಂತೆ ಮಾಡಿದಳು. ಪಿಂಟ್ಯಾ ಕಣ್ಣು ಕೀಲಿಸಿ ನೋಡಿದ.

"ಏನ ನೋಡತಿಲೇ? ಹಲ್ಲಿಲ್ಲದಕಿ, ಅಗಿಯಾಕ ತಡಾ ಆಕೈತಿ. ತಿನ್ನ ನೀ."

ಅವನು ತಲೆ ತಗ್ಗಿಸಿ ತಿನ್ನತೊಡಗಿದ.

"ಪರ್ವದ ದಿನ ಸುಳ್ಳ ಆತಲ್ಲ ಆಯಿ?" ಕಣ್ಣೊರೆಸಿಕೊಳ್ಳುತ್ತ ಕೇಳಿದೆ.

"ಆತು. ಪರ್ವ ಮುಗದ ಮ್ಯಾಲ ಎಲ್ಲಾರ ಕಡೆ ಕ್ಷಮಾ ಕೇಳೂದ ಐತೆಲ್ಲ, ಇವನ ಕಡೇನೂ ಕೇಳತೀನಿ." ಆಮೇಲೆ ನನ್ನ ತಣ್ಣಗಾದ ಕೈ ಹಿಡಿದಳು. "ಅಂಜಿಕಿ ಹೋಗು ಅಂದ್ರ ಹೋಗೂದಿಲ್ಲಬೇ. ಅದಕ್ಕೊಂದ ಕೆಲಸಾ ಹಚ್ಚು. ಮೊದಲ ಅವ ತಿನ್ನೂದನ್ನ ನೋಡು. ಆಮ್ಯಾಲ ಸೂಜಿ."

ಅಪ್ಪ ಮಧ್ಯಾಹ್ನ ಹೋಗಿ ಡಾಕ್ಟರರನ್ನು ಕೇಳಿ ಬಂದರು. ತಿಂದ ಮೇಲೆ ಹಾಕುವುದೇ ಒಳ್ಳೆಯದೆಂದು ಅವರೂ ಹೇಳಿದರಂತೆ.

ಸಂಜೆ ಆಯಿ ಮತ್ತೆ ಖಾಲಿ ಬಾಯಲ್ಲೇ ಅಗಿದಳು. ನೀರು ಕಾಣದ ಅವಳ ತುಟಿ ಒಡೆದಿತ್ತು. ಪಿಂಟ್ಯಾ ತಾಟು ನೆಕ್ಕುವ ತನಕ ಕಾದು, ಅವನ ಹೆಗಲ ಚರ್ಮ ಎತ್ತಿ ಸೂಜಿ ಇಳಿಸಿದೆ. ಅಂಜಿಕೆ ಆಗಲೂ ಇತ್ತು, ಆದರೆ ಸೂಜಿ ತಪ್ಪಲಿಲ್ಲ. ಅವನು ಅಲ್ಲೇ ಕಾಲು ಚಾಚಿ ಮಲಗಿದ. ನಾನು ಮುಟ್ಟಿ ನೋಡಲಿಲ್ಲ.

"ಹೊತ್ತ ಮುಳಗಾಕತ್ತೈತಿ, ಮುಳಗಿದ ಮ್ಯಾಲ ಉಣ್ಣಾಂಗಿಲ್ಲ," ಆಯಿ ತನ್ನ ತಾಟನ್ನು ನನ್ನತ್ತ ತಳ್ಳಿದಳು. "ನೀನರ ಖರೇನ ಉಣ್ಣ."

ಎಷ್ಟೋ ದಿನಗಳ ಮೇಲೆ ನನಗೆ ಹಸಿವಾಗಿತ್ತು.