ಸೇತುವೆ ದಾಟಬೇಕಾಗಿದ್ದ ಸೈಕಲ್ಲು

ಏಳು ಸಮುದ್ರದಾಚೆ ಒಂದು ಸೀಮೆ ಇತ್ತಂತೆ. ಅಲ್ಲಿ ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ; ಗುಡ್ಡದ ಹಿಂದೆ ಗುಡ್ಡ, ಗುಡ್ಡದ ತುಂಬ ಆಲಿವ್ ಮರ. ಆ ಮರಗಳ ನಡುವೆ ಒಂದು ರೈಲು ಎಣ್ಣೆಯ ಪೀಪಾಯಿ ಹೊತ್ತುಕೊಂಡು ಸಮುದ್ರದ ಕಡೆಗೆ ಓಡುತ್ತಿತ್ತು. ಒಂದು ದಿನ ರೈಲು ನಿಂತುಹೋಯಿತು. ಹಳಿ ಕಿತ್ತರು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಾನು ಹುಟ್ಟಿದೆ.

ನಾನು ಒಂದು ಸೈಕಲ್ಲು. ಸ್ಪೇನ್ ದೇಶದ ದಕ್ಷಿಣದ ಒಂದು ಸಣ್ಣ ಊರಿನ ದನದ ಕೊಟ್ಟಿಗೆಯಲ್ಲಿ ನನ್ನನ್ನು ಮಾಡಿದವನು ಬಲ್ತಸಾರ್. ಅವನು ಹಳಿ ಕಾಯುವವನಾಗಿದ್ದ. ಉದ್ದ ಹಿಡಿಯ ಸುತ್ತಿಗೆ ಹೆಗಲಿಗಿಟ್ಟು ದಿನಾ ಬೆಳಿಗ್ಗೆ ಎಣ್ಣೆಯ ರೈಲು ಹತ್ತಿ ಹೋಗಿ, ಕಣಿವೆಯ ಮೇಲಿನ ಕಬ್ಬಿಣದ ಸೇತುವೆಯನ್ನು ನಡೆದು ದಾಟಿ, ಒಂದೊಂದು ಬೋಲ್ಟನ್ನೂ ತಟ್ಟಿ ನೋಡಿ ಬರುವುದು ಅವನ ಕೆಲಸ. ರೈಲು ನಿಂತ ಮೇಲೆ ತಟ್ಟುವುದಕ್ಕೆ ಏನೂ ಉಳಿಯಲಿಲ್ಲ. ಆಗ ಸ್ಟೇಷನ್ನಿನ ಮುರಿದ ಕೈಗಾಡಿಯ ಕೊಳವೆಗಳನ್ನು ತಂದು, ಕಾಯಿಸಿ, ಬಗ್ಗಿಸಿ ನನ್ನನ್ನು ಕಟ್ಟಿದ. ಸ್ಟೇಷನ್ನಿನ ಬಾಗಿಲಿಗೆ ಬಳಿದು ಉಳಿದ ನೀಲಿ ಬಣ್ಣವನ್ನೇ ನನಗೂ ಬಳಿದ. ಹಗುರ ಎನ್ನುವ ಗುಣ ನನ್ನಲ್ಲಿಲ್ಲ. ನನ್ನನ್ನು ಎತ್ತಿದವರೆಲ್ಲ ಒಮ್ಮೆ ಉಸಿರು ಬಿಟ್ಟು ಕೆಳಗಿಟ್ಟಿದ್ದಾರೆ. ಅದು ನನಗೆ ಮರ್ಯಾದೆಯ ವಿಷಯವೇ.

ಹಳಿ ಇದ್ದ ಜಾಗದಲ್ಲಿ ಸೈಕಲ್ ದಾರಿ ಮಾಡುತ್ತಾರಂತೆ, ಅಲ್ಲಿ ಕಾರು ಲಾರಿಗಳನ್ನು ಬಿಡುವುದಿಲ್ಲವಂತೆ ಎಂಬ ಸುದ್ದಿ ಬಲ್ತಸಾರನ ಕಿವಿಗೆ ಬಿದ್ದಾಗ ಅವನು ಹಾಸಿಗೆ ಹಿಡಿದಿದ್ದ. ಇಬ್ಬರು ಹೆಣ್ಣುಮಕ್ಕಳು ಅವನಿಗೆ. ದೊಡ್ಡವಳು ಎನ್ಕಾರ್ನಾ, ಊರಲ್ಲೇ ಇದ್ದಳು. ಚಿಕ್ಕವಳಾದ ಪೂರಾಳನ್ನು ಸೇತುವೆಯ ಆಚೆಗಿನ ಊರಿಗೆ ಕೊಟ್ಟಿದ್ದರು. ಅಪ್ಪ ಎನ್ಕಾರ್ನಾಳ ಕೈ ಹಿಡಿದು ಹೇಳಿದ:

"ಸದ್ಯಕ್ಕೆ ನೀನು ತುಳಿ. ದಾರಿ ಆದಮೇಲೆ ಇದು ನಿನ್ನ ತಂಗಿಗೆ. ಸೇತುವೆ ಮೇಲೆ ತುಳಿದುಕೊಂಡೇ ಹೋಗಿ ಕೊಡಬೇಕು. ಕಾರಿಗೆ ಕಟ್ಟಿಕೊಂಡು ಹೋಗಬೇಡ, ತಿಳೀತಾ?"

"ಆಯಿತಪ್ಪ" ಎಂದಳು ಎನ್ಕಾರ್ನಾ. ಸುಲಭದ ಮಾತು ಎಂದು ನಾನೂ ಅಂದುಕೊಂಡೆ.

ದಾರಿ ಆಯಿತು. ನಾವು ಹೊರಟೆವು. ಇಪ್ಪತ್ತೆರಡು ಕಿಲೋಮೀಟರು. ರೈಲಿನ ದಾರಿಯಾದ್ದರಿಂದ ಕಡಿದಾದ ಏರಿಲ್ಲ, ಹಠಾತ್ ತಿರುವಿಲ್ಲ. ಹಿಂದಿನಿಂದ ಹಾರ್ನ್ ಹೊಡೆಯುವವರಿಲ್ಲ. ಸೇತುವೆಯ ತುದಿಗೆ ಬಂದೆವು. ಕೆಳಗೆ ಕಣಿವೆ. ಅಷ್ಟು ಆಳದಲ್ಲಿ ಆಲಿವ್ ಮರಗಳು ಕೊತ್ತಂಬರಿ ಕಟ್ಟಿನಷ್ಟು ಕಾಣುತ್ತಿದ್ದವು. ಎನ್ಕಾರ್ನಾ ಇಳಿದಳು. ಕಂಬಿ ಹಿಡಿದಳು. ಬಿಟ್ಟಳು. ನನ್ನನ್ನು ತಿರುಗಿಸಿಕೊಂಡು ಮನೆಗೆ ಬಂದು ತಂಗಿಗೆ ಫೋನು ಮಾಡಿದಳು: "ಪಂಕ್ಚರ್ ಆಯ್ತು ಕಣೇ."

ನನಗೆ ಪಂಕ್ಚರ್ ಆಗಿರಲಿಲ್ಲ! ಮುಂದಿನ ವರ್ಷವೂ ಆಗಿರಲಿಲ್ಲ. ಅದರಾಚೆಯ ವರ್ಷ ಚೈನು ಕಡಿಯಿತು ಎಂದಳು, ಅದೂ ಸುಳ್ಳು. ಹೀಗೆ ಎಂಟು ಸಲ ನಾವು ಸೇತುವೆಯವರೆಗೆ ಹೋಗಿ ಬಂದೆವು. ಎತ್ತರ ಕಂಡರೆ ಹೆದರಿಕೆ ಅವಳಿಗೆ, ಬೈಗುಳ ಮಾತ್ರ ನನಗೆ ಬೀಳುತ್ತಿತ್ತು. ನಡುವೆ ಎರಡು ವರ್ಷ ನನ್ನನ್ನು ಊರ ಪಾದ್ರಿಗೆ ಎರವಲು ಕೊಟ್ಟಳು. ನನಗೆ ಗೊತ್ತಿರುವ ಒರಟು ಮಾತುಗಳನ್ನೆಲ್ಲ ನಾನು ಕಲಿತದ್ದು ಅವನಿಂದ, ಏರು ಹತ್ತುವಾಗ. ಅವನೂ ಸೇತುವೆಯ ಕಡೆ ಹೋಗಲಿಲ್ಲ. ಆಮೇಲೆ ಮೆಟ್ಟಿಲ ಕೆಳಗೆ ನಿಂತೆ. ನಿಂತೇ ಇದ್ದೆ. ಎನ್ಕಾರ್ನಾಳಿಗೆ ಎಂಬತ್ತು ದಾಟಿತು.

ಆ ಮನೆಯ ಮಹಡಿಗೆ ಬಾಡಿಗೆಗೆ ಬಂದವಳು ದಾಕ್ಷಾಯಣಿ. ಗದಗಿನ ಕಡೆಯ ಹುಡುಗಿ, ಆಲಿವ್ ಮರದ ಬೇರಿಗೆ ಬರುವ ರೋಗವನ್ನು ಓದಲು ಬಂದಿದ್ದಳು. ಚಳಿಗಾಲಕ್ಕೆ ಮುಂಚೆ ಅವಳ ಚಿಗವ್ವ ನೀಲವ್ವ ಎರಡು ತಿಂಗಳು ಇರಲು ಬಂದಳು. ಬದಾಮಿ ಹತ್ತಿರ ಮೂವತ್ತೊಂದು ವರ್ಷ ರೈಲ್ವೆ ಗೇಟು ಹಾಕಿ ತೆಗೆದು, ಆಗಷ್ಟೇ ನಿವೃತ್ತಳಾದವಳು. ಮೆಟ್ಟಿಲ ಕೆಳಗೆ ನನ್ನನ್ನು ಕಂಡವಳೇ ಎಳೆದು ಬಿಸಿಲಿಗೆ ನಿಲ್ಲಿಸಿದಳು. ಚೈನಿಗೆ ಆಲಿವ್ ಎಣ್ಣೆಯನ್ನೇ ಬಿಟ್ಟಳು.

"ಚಿಗವ್ವ, ಅದು ಸಾರಿಗೆ ಹಾಕೂ ಎಣ್ಣಿಬೇ!"

"ಇದಕ್ಕೂ ಹೊಟ್ಟಿ ಇರತೈತಿ, ಸುಮ್ಮನಿರ" ಎಂದಳು ನೀಲವ್ವ.

ಭಾಷೆ ನನಗೆ ತೊಡಕಲ್ಲ. ನನ್ನನ್ನು ಮುಟ್ಟಿದವರ ಮಾತು ನನಗೆ ತಾನಾಗಿ ತಿಳಿಯುತ್ತದೆ.

ಅದೇ ವಾರ ಪೂರಾಳಿಂದ ಫೋನು ಬಂತು. ಅವಳ ಕಣ್ಣು ತಿಂಗಳಿಂದ ತಿಂಗಳಿಗೆ ಮಂಜಾಗುತ್ತಿತ್ತು. ಬರುವ ಬೇಸಿಗೆಯ ಹೊತ್ತಿಗೆ ಏನೂ ಕಾಣಿಸದು ಎಂದಿದ್ದರಂತೆ ಡಾಕ್ಟರು. "ಅಪ್ಪನ ಕೈಕೆಲಸ ಅಂತ ಉಳಿದಿರೋದು ಅದೊಂದೇ. ಕಣ್ಣಿರೋವಾಗ ಒಮ್ಮೆ ನೋಡ್ತೀನಿ ಅಕ್ಕಾ. ಆದರೆ ಕಾರಲ್ಲಿ ಬೇಡ."

ಎನ್ಕಾರ್ನಾ ಅಡುಗೆಮನೆಯಲ್ಲಿ ಕೂತು ಅತ್ತಳು. ಎಂಟು ಸುಳ್ಳನ್ನೂ ದಾಕ್ಷಾಯಣಿಯ ಮುಂದೆ ಒಪ್ಪಿಕೊಂಡಳು. ದಾಕ್ಷಾಯಣಿ ಅದನ್ನು ಕನ್ನಡಕ್ಕೆ ತಿರುಗಿಸಿದಾಗ ನೀಲವ್ವ ಎದ್ದು ಸೀರೆಯನ್ನು ಕಚ್ಚೆ ಕಟ್ಟಿದಳು.

"ಅಷ್ಟೇನು? ನಾ ಮುಟ್ಟಸ್ತೀನಿ ಅಂತ ಹೇಳ. ಮುಟ್ಟಿದ ಕೂಡಲೇ ಫೋನ್ ಮಾಡ್ತೀನಿ ಅಂತನೂ ಹೇಳ."

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮುಂದೆ ನಾನು ಮತ್ತು ನೀಲವ್ವ, ಹಿಂದೆ ಬಾಡಿಗೆ ಸೈಕಲ್ಲಿನಲ್ಲಿ ದಾಕ್ಷಾಯಣಿ. ಎರಡೂ ಬದಿಗೆ ಮರದಡಿ ಬಲೆ ಹಾಸಿ ಜನ ಕೋಲಿನಿಂದ ಕಾಯಿ ಬಡಿಯುತ್ತಿದ್ದರು. ನೀಲವ್ವ ತುಳಿಯುತ್ತಿದ್ದರೆ ನನ್ನ ಕಬ್ಬಿಣದ ಭಾರ ನನಗೇ ಮರೆತುಹೋಗಿತ್ತು. ಒಂದು ಕಡೆ ಥಟ್ಟನೆ ಬ್ರೇಕು ಹಾಕಿದಳು.

"ಎಷ್ಟ ನೇರಲ ಹಣ್ಣ ಬಿದ್ದಾವ ನೋಡ!"

"ಚಿಗವ್ವ, ಬ್ಯಾಡ, ಅದು..." ಎನ್ನುವಷ್ಟರಲ್ಲಿ ಕಪ್ಪಗೆ ಮಾಗಿದ ಆಲಿವ್ ನೀಲವ್ವನ ಬಾಯಿಯೊಳಗಿತ್ತು. ಮರದಿಂದ ಬಿದ್ದ ಆಲಿವ್ ಬೇವಿಗಿಂತ ಕಹಿ. ಅವಳು ಉಗಿದಳು, ನೀರು ಮುಕ್ಕಳಿಸಿದಳು, ಮತ್ತೆ ಉಗಿದಳು. ಬಲೆಯ ಬಳಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾಕ ಮೊದಲ ಹೇಳಲಿಲ್ಲ ನೀ?"

"ಬಾಯಾಗ ಹಾಕ್ಕೊಂಡ ಮ್ಯಾಲ ಕೇಳ್ತೀಯಲ್ಲಬೇ! ಇದರ ರೋಗಾನ ನಾ ಓದೂದು."

"ರೋಗ ಇದಕ್ಕಲ್ಲ, ತಿಂದವರಿಗೆ."

ಹಳೆಯ ಗೇಟುಗಳಿದ್ದ ಜಾಗ ಬಂದಾಗಲೆಲ್ಲ ನೀಲವ್ವ ಇಳಿದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಆಮೇಲೆ ಹತ್ತುತ್ತಿದ್ದಳು. ದಾಕ್ಷಾಯಣಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಹನ್ನೊಂದರ ಸುಮಾರಿಗೆ ಸೇತುವೆ ಬಂತು. ಆ ತುದಿಯಲ್ಲಿ ಪೂರಾ ವಾಸವಿದ್ದ ಹಳೆಯ ಸ್ಟೇಷನ್ನಿನ ಹೆಂಚು ಕಾಣುತ್ತಿತ್ತು. ನೀಲವ್ವ ಇಳಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಹತ್ತಲಿಲ್ಲ.

ಅಯ್ಯೋ, ಒಂಬತ್ತನೆಯ ಸಲ ಎಂದುಕೊಂಡೆ.

"ಎತ್ತರಕ್ಕ ಅಂಜಿಕಿ ಆತೇನು ಚಿಗವ್ವ?"

"ಎತ್ತರ ಏನ ಮಾಡತೈತಿ? ನಂಬರ ಎಲ್ಲೈತಿ?"

"ಯಾ ನಂಬರಬೇ?"

"ಪ್ರೈವೇಟ್ ನಂಬರ. ಮೂವತ್ತೊಂದು ವರ್ಷ, ಗಾಡಿ ಬಿಡೂ ಮುಂಚೆ ಸ್ಟೇಷನ್ನಿನವರಿಗೆ ಫೋನಿನ್ಯಾಗ ನಂಬರ ಕೊಟ್ಟು, ಅವರ ನಂಬರ ತಗೊಂಡು ಬರದಿಟ್ಟೀನಿ. ಬರೇ ಬಾಯಿಮಾತಿಗೆ ಗೇಟ್ ಬಿಟ್ಟಾಕಿ ಅಲ್ಲ ನಾ. ಈಗ ಹಳಿ ದಾರಿ ಮ್ಯಾಲ, ಪೂಲಿನ ಮ್ಯಾಲ ಸುಮ್ಮನ ಹೋಗಂತೀಯಲ್ಲ!"

"ಇಲ್ಲಿ ರೈಲ ನಿಂತು ಎಷ್ಟೋ ವರ್ಷ ಆತು, ಚಿಗವ್ವ. ಹಳಿನ ಇಲ್ಲ."

"ತಲಿಗೆ ಗೊತ್ತೈತಿ" ಎಂದಳು ನೀಲವ್ವ. "ಕಾಲಿಗೆ ಗೊತ್ತಿಲ್ಲ. ನಾ ಏನ ಮಾಡ್ಲಿ?"

ದಾಕ್ಷಾಯಣಿ ಸೇತುವೆಯಲ್ಲಿ ಅರ್ಧದವರೆಗೆ ಓಡಿಹೋಗಿ ಬಾಯಿಗೆ ಬಂದ ಒಂದು ನಂಬರ್ ಕೂಗಿದಳು. ನೀಲವ್ವ ತಲೆ ಅಲ್ಲಾಡಿಸಿದಳು. "ನೀ ಯಾವ ಸ್ಟೇಷನ್ ಮಾಸ್ತರ? ಆ ಕಡಿಂದ ಬರಬೇಕ ಅದು."

ಕೊನೆಗೆ ದಾಕ್ಷಾಯಣಿ ಪೂರಾಳಿಗೇ ಫೋನು ಮಾಡಿ, ನಮಗೂ ಕೇಳುವಂತೆ ಹಿಡಿದಳು.

"ಈ ಸಲ ಯಾವ ಚಕ್ರ? ಮುಂದಿನದಾ, ಹಿಂದಿನದಾ?" ಎಂದಿತು ಆ ಕಡೆಯ ದನಿ.

ದಾಕ್ಷಾಯಣಿ ತಡವರಿಸುತ್ತ ವಿಷಯ ಹೇಳಿದಳು. ಪೂರಾ ನಗುತ್ತಾಳೆ, ಇಲ್ಲವೇ ಫೋನು ಇಡುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ದಾರಿ ಖಾಲಿಯಾ ಅಂತ ಕೇಳ್ತಿದ್ದಾಳಾ ಅವಳು?" ಎಂದಳು ಪೂರಾ ನಿಧಾನವಾಗಿ. "ನಮ್ಮಪ್ಪ ಸೇತುವೆಗೆ ಇಳಿಯೋ ಮುಂಚೆ ಗೋಡೆ ಫೋನು ತಿರುಗಿಸಿ ಅದನ್ನೇ ಕೇಳ್ತಿದ್ದ. ಇರು. ನೋಡದೆ ಹೇಳಬಾರದು."

ಕುರ್ಚಿ ಸರಿದ ಸದ್ದು. ಕೋಲಿನ ಸದ್ದು. ಬಾಗಿಲು. ಆ ತುದಿಯ ಪ್ಲಾಟ್‌ಫಾರ್ಮಿನ ಮೇಲೆ ಒಂದು ಕಪ್ಪು ಉಡುಪು ಬಂದು ನಿಂತದ್ದು ನನಗೂ ಕಂಡಿತು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕಂಡದ್ದೆಷ್ಟೋ, ಕಿವಿಗೊಟ್ಟು ಬಹಳ ಹೊತ್ತು ನಿಂತಳು.

"ಖಾಲಿ ಇದೆ. ಬರ್ಕೊಳ್ಳೋಕೆ ಹೇಳು. ಐವತ್ತೆಂಟು."

"ಐವತ್ತೆಂಟು" ಎಂದು ನೀಲವ್ವ ತಿರುಗಿ ಹೇಳಿದಳು. ಪೆನ್ನು ಇಸಿದುಕೊಂಡು ಅಂಗೈ ಮೇಲೆ ಬರೆದಳು. ಹೊತ್ತನ್ನೂ ಬರೆದಳು: ಹನ್ನೊಂದು ಇಪ್ಪತ್ತು. ಆಮೇಲೆ ಹತ್ತಿದಳು.

ಬಲ್ತಸಾರ್ ತಟ್ಟಿದ ಬೋಲ್ಟುಗಳೆಲ್ಲ ನನ್ನ ಚಕ್ರದ ಕೆಳಗೆ ಹಾದುಹೋದವು. ಕಣಿವೆಯ ಗಾಳಿ ಅಡ್ಡ ಬೀಸಿತು. ನನ್ನಂಥ ಭಾರದವರನ್ನು ಅದು ಏನೂ ಮಾಡಲಾರದು. ನೀಲವ್ವ ಒಮ್ಮೆಯೂ ಕೆಳಗೆ ನೋಡಲಿಲ್ಲ. ಆ ಕಪ್ಪು ಉಡುಪನ್ನೇ ನೋಡುತ್ತ ಒಂದೇ ಹದದಲ್ಲಿ ತುಳಿದಳು.

ಪ್ಲಾಟ್‌ಫಾರ್ಮಿನ ಬಳಿ ಇಳಿದು ನನ್ನ ಹಿಡಿಯನ್ನು ಪೂರಾಳ ಕೈಗೆ ಕೊಟ್ಟಳು. ಪೂರಾ ನನ್ನ ಮೇಲೆ ಬಗ್ಗಿದಳು, ಮುಖ ನನ್ನ ಕಬ್ಬಿಣಕ್ಕೆ ತಾಗುವಷ್ಟು. "ನೀಲಿ" ಎಂದಳು. "ನನಗೆ ನೀಲಿ ಕಾಣ್ತಿದೆ."

"ದಾಕ್ಷಿ, ಆ ಕಡಿಗೆ ಹಚ್ಚ ಫೋನ" ಎಂದಳು ನೀಲವ್ವ. "ಗಾಡಿ ಬಿಟ್ಟವರಿಗೆ ತಿಳಸಬೇಕ. ಎಲ್ಲಾ ಡಬ್ಬಿ ಬಂದು ಮುಟ್ಟಿದ್ವು ಅಂತ ಹೇಳೂತನಕ ಅವರಿಗೆ ಸಮಾಧಾನ ಇರೂದಿಲ್ಲ."

ಗಂಟೆ ಒಂದು ಸಲ ಪೂರ್ತಿ ಬಡಿಯುವ ಮುಂಚೆಯೇ ಎನ್ಕಾರ್ನಾ ಎತ್ತಿದಳು. ದಾಕ್ಷಾಯಣಿ ಸ್ಪ್ಯಾನಿಷಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಫೋನು ಕಸಿದುಕೊಂಡು, ಗೇಟಿನಲ್ಲಿ ಕೂಗುತ್ತಿದ್ದ ದನಿಯಲ್ಲಿ, ಅಚ್ಚ ಕನ್ನಡದಲ್ಲಿ ಕೂಗಿದಳು:

"ಗಾಡಿ ಪೂರಾ ಬಂತು! ಪೂರಾ! ಪೂರಾ!"

ಆ ಕಡೆ ಎನ್ಕಾರ್ನಾಳಿಗೆ ಅರ್ಥವಾದದ್ದು ಅದೊಂದೇ ಮಾತು, ತಂಗಿಯ ಹೆಸರು. ಅವಳೂ ಅದನ್ನೇ ಕೂಗತೊಡಗಿದಳು. ಪೂರಾ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಿಂದ ನನ್ನನ್ನು ಗೋಡೆಗೆ ಒರಗಿಸಿ, "ಇಲ್ಲೇ ಇದ್ದೀನಿ ಅಕ್ಕಾ, ಬಂತು" ಎಂದಳು.