ಮಿಲಿಟ್ರಿ ಮೇಷ್ಟ್ರಾದದ್ದು

ಸೈನ್ಯ ಬಿಟ್ಟು ಬಂದು ಎಷ್ಟೋ ಕಾಲವಾದರೂ ಓಣಿಯವರು ಅವನನ್ನು ಮಿಲಿಟ್ರಿ ಎಂದೇ ಕರೆಯುತ್ತಿದ್ದರು. ಬೇರೇನೆಂದು ಕರೆಯುವುದು? ಒಂದು ಕೆಲಸವೂ ಅವನ ಕೈ ಹತ್ತುತ್ತಿರಲಿಲ್ಲ. ಬಟ್ಟೆ ಅಂಗಡಿಯ ಬಾಗಿಲು ಕಾದ. ಗಿರಾಕಿಗಳನ್ನು ಕಳ್ಳರಂತೆ ನೋಡುತ್ತಾನೆಂದು ಮಾಲೀಕ ಕೈಮುಗಿದುಬಿಟ್ಟ. ಆಂಬುಲೆನ್ಸ್ ಓಡಿಸಿದ, ಸೈರನ್ ಕೂಗಿದರೆ ಗಾಡಿಯನ್ನೇ ರಸ್ತೆ ಬದಿಗೆ ನಿಲ್ಲಿಸಿಬಿಡುತ್ತಿದ್ದ. ಬೇಕರಿಯ ಒಲೆಯ ಮುಂದೆ ಬೆವರು ಸುರಿಸಿದ. ಕೊನೆಗೆ ಊರಿನ ವಾರಪತ್ರಿಕೆಯನ್ನು ಅಂಗಡಿಗಳಿಗೆ ಹಂಚುವ ವ್ಯಾನಿಗೆ ಡ್ರೈವರ್ ಆದ.

"ನಿಮ್ಮನೆಯೋರು ಏನ್ ಮಾಡ್ತಾರೆ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?" ಎಂದಳು ಹೆಂಡತಿ.

"ಸದ್ಯಕ್ಕೆ ವ್ಯಾನ್ ಓಡಿಸ್ತಾರೆ ಅನ್ನು."

ಹೀಗಿರುವಾಗ ಬೇಕರಿಯ ಯಜಮಾನ ತೀರಿಕೊಂಡ. ಪತ್ರಿಕೆಯಲ್ಲಿ ಸಾವಿನ ಸುದ್ದಿ ಬರೆಯುವವನು ಜ್ವರ ಬಂದು ಮಲಗಿದ್ದ. ಸಂಪಾದಕರು ವ್ಯಾನಿನ ಕಿಟಕಿಗೆ ಬಗ್ಗಿ, "ನೀವು ಅವರ ಬೇಕರೀಲಿ ಕೆಲಸಕ್ಕಿದ್ರಲ್ಲ, ನಾಲ್ಕು ಸಾಲು ಬರ್ಕೊಡಿ" ಎಂದರು.

ಮಿಲಿಟ್ರಿ ಸ್ಟೀರಿಂಗಿನ ಮೇಲೆ ಹಾಳೆ ಇಟ್ಟುಕೊಂಡು ಕುಳಿತ. ಸದ್ಗುಣಿ, ಪರೋಪಕಾರಿ ಎಂದೆಲ್ಲ ಬರೆಯಲು ಮನಸ್ಸು ಒಪ್ಪಲಿಲ್ಲ. ಹಿಟ್ಟು ಉಬ್ಬುವ ತನಕ ಯಜಮಾನ ಎಲ್ಲರಿಗೂ ಬಾಯಿಗೆ ಬಂದಂತೆ ಬೈಯುತ್ತಿದ್ದುದನ್ನು, ಬ್ರೆಡ್ಡು ಬೆಂದ ಮೇಲೆ ಮೊದಲ ತುಂಡನ್ನು ಬೈಸಿಕೊಂಡವನ ಮುಂದಿಟ್ಟು ಮುಖ ತಿರುಗಿಸಿಕೊಳ್ಳುತ್ತಿದ್ದುದನ್ನು ಬರೆದ. ಅದು ಹಾಗೆಯೇ ಅಚ್ಚಾಯಿತು.

ಪತ್ರಿಕೆ ಹೊರಬಿದ್ದ ದಿನವೇ ಯಜಮಾನನ ಹೆಂಡತಿ ಕಚೇರಿಗೆ ಬಂದಳು. ಮಿಲಿಟ್ರಿ ತಟ್ಟನೆ ಎದ್ದು ನಿಂತ.

"ಬರ್ದಿದ್ದು ನೀವೇನಾ?"

"ತಪ್ಪಾಗಿದ್ರೆ ಕ್ಷಮಿಸಿ ಅಮ್ಮಾ."

"ಅವ್ರು ಓದಿದ್ರೆ ನಿಮ್ಮ ಕಾಲು ಮುರೀತಿದ್ರು." ಆಕೆ ಕುರ್ಚಿ ಎಳೆದುಕೊಂಡಳು. "ಇನ್ನೊಂದ್ಸಲ ಓದಿ. ಕನ್ನಡಕ ಮರೆತು ಬಂದಿದ್ದೀನಿ."

ಓದಿದ. ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ಬಗೆಹರಿಯಲಿಲ್ಲ.

ಅಂದಿನಿಂದ ಊರಿನ ಸಾವುಗಳೆಲ್ಲ ಅವನ ಪಾಲಿಗೆ ಬಂದವು. ಬರೆದದ್ದನ್ನು ಜನ ಯಾಕೆ ಕತ್ತರಿಸಿ ಇಟ್ಟುಕೊಳ್ಳುತ್ತಾರೆಂದು ಅವನಿಗೆ ಅರ್ಥವಾಗಲೇ ಇಲ್ಲ. ಕೆಲವು ವರ್ಷಗಳ ಮೇಲೆ ಸಂಜೆಶಾಲೆಯವರು, ದೊಡ್ಡವರಿಗೆ ಬರವಣಿಗೆ ಕಲಿಸಿ ಎಂದು ಕರೆದಾಗ ತಲೆ ಇನ್ನಷ್ಟು ಕೆಟ್ಟಿತು.

"ನನಗೇ ಬರಲ್ವಲ್ಲೇ, ಏನಂತ ಕಲಿಸ್ಲಿ?"

"ಸೈನ್ಯ ಸೇರಿದಾಗ ಬಂದೂಕು ಹಿಡಿಯೋಕೆ ಬರ್ತಿತ್ತಾ?" ಎಂದಳು ಹೆಂಡತಿ.

ಮೊದಲ ದಿನ ತರಗತಿಯಲ್ಲಿ ಕವಾಯತಿಗೆ ನಿಂತವನಂತೆ ಸೆಟೆದು ನಿಂತ. ಬೇರೇನೂ ಹೊಳೆಯದೆ, "ನಿಮಗೆ ಸಿಟ್ಟಿರೋ ಒಬ್ಬರ ಬಗ್ಗೆ ಬರೀರಿ, ಸುಳ್ಳು ಮಾತ್ರ ಬೇಡ" ಎಂದ.

ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ಅಕ್ಕನ ಬಗ್ಗೆ ಓದಿದಳು. ಅಕ್ಕ ತನ್ನ ಮದುವೆಯ ಬಟ್ಟೆಯನ್ನು ಬೇರೆಯವರ ಹತ್ತಿರ ಹೊಲಿಸಿದ್ದಳಂತೆ. ಆಮೇಲೆ ಮಾತೇ ಇಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳ ಕಣ್ಣು ತುಂಬಿತು, ಓದು ಅರ್ಧಕ್ಕೇ ನಿಂತಿತು. ಮಿಲಿಟ್ರಿ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತ, "ಮುಂದೇನಾಯ್ತಮ್ಮಾ?" ಎಂದ.

"ಇನ್ನೂ ಏನೂ ಆಗಿಲ್ಲ ಮೇಷ್ಟ್ರೇ."

ಮುಂದಿನ ವಾರ ಅವಳು ಬರಲಿಲ್ಲ. ತಾನೇ ಓಡಿಸಿಬಿಟ್ಟೆನೆಂದು ಅವನಿಗೆ ಊಟ ರುಚಿಸಲಿಲ್ಲ. ಮರುವಾರ ಬಂದಳು, ಹಿಂದೆ ಮುಖ ಬಿಗಿದುಕೊಂಡ ಇನ್ನೊಬ್ಬಳಿದ್ದಳು.

"ನಮ್ಮಕ್ಕ. ಅವಳ ಕಡೆದೂ ಬರೀಬೇಕಂತೆ. ಯಾರು ಸರಿ ಅಂತ ನೀವೇ ಹೇಳ್ಬೇಕು."

"ಅಳತೆನೇ ತಪ್ಪು ತಗೊಂಡಿದ್ಲು ಮೇಷ್ಟ್ರೇ," ಎಂದಳು ಅಕ್ಕ, ಕುಳಿತುಕೊಳ್ಳುವ ಮೊದಲೇ.

ಇದು ಪಾಠವೋ ಪಂಚಾಯಿತಿಯೋ ಅವನಿಗೆ ತಿಳಿಯಲಿಲ್ಲ. ಇಬ್ಬರಿಗೂ ಹಾಳೆ ಕೊಟ್ಟು, ಅವರ ನಡುವೆ ತಾನೂ ಬೆಂಚಿನ ಮೇಲೆ ಕುಳಿತ.